ಮೊಳೆಗೆ ತೂಗುಹಾಕಿದ ಕೀಲಿ

ಜೂನ್ ೪

ಒಂಟೆಗೆ,

ಕ್ಷೇಮ ಕೇಳುವ ಮನಸ್ಸಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ಎಂದಿನಂತೆ ಶೆಡ್ಡಿಗೆ ಹೋದೆ. ನನ್ನ ವಾರ ಶುರುವಾಗುವ ದಿನ. ನೀನು ಬಾಗಿಲ ಹತ್ತಿರ ನಿಂತಿರುತ್ತೀಯ, ಕೀಲಿಯನ್ನು ನನ್ನ ಅಂಗೈಗೆ ಹಾಕುತ್ತೀಯ, ಆಮೇಲೆ ಹೋಗಿ ಟೀ ಕುಡಿಯುತ್ತೇವೆ ಅಂದುಕೊಂಡಿದ್ದೆ. ಕಾರು ಇತ್ತು, ನೀನಿರಲಿಲ್ಲ. ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನಿನ್ನ ಮನೆಗೆ ಹೋದರೆ ಬೀಗ. ಪಕ್ಕದ ಮನೆಯ ಟೈಲರಮ್ಮ ಹೇಳಿದಳು, "ಅವರು ನಿನ್ನೇನೇ ಮಗಳ ಊರಿಗೆ ಹೊರಟ್ರಲ್ಲ, ನಿಮಗೆ ಹೇಳ್ಲಿಲ್ವಾ?" ಇಷ್ಟು ವರ್ಷ ಜೊತೆಗಿದ್ದವನು ಊರು ಬಿಟ್ಟ ಸುದ್ದಿಯನ್ನು ಟೈಲರಮ್ಮನ ಬಾಯಿಂದ ಕೇಳಬೇಕಾಯಿತು.

ಮಗಳ ಮನೆಗೆ ಹೋಗುವುದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಆದರೆ ಆ ಮೊಳೆ? ಪೊಲೀಸ್ ಅಶ್ವದಳಕ್ಕೆ ಸೇರಿದ ಮೊದಲ ದಿನವೇ ಲಾಯದ ಮೇಸ್ತ್ರಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದು ಮರೆತೆಯಾ? "ಇಬ್ಬರಿಗೆ ಒಂದು ಕುದುರೆ. ಕಂಬಕ್ಕೆ ಕಟ್ಟಿ ಹೋದ ಕುದುರೆ ಯಾರದ್ದೂ ಅಲ್ಲ. ಲಗಾಮು ಕೈಯಿಂದ ಕೈಗೆ ಹೋಗ್ಬೇಕು. ಕೊಡೋವಾಗ ಎರಡು ಮಾತು ಹೇಳ್ಬೇಕು. ಕುದುರೆ ಹೇಗಿದೆ, ಸವಾರ ಹೇಗಿದ್ದಾನೆ." ನಾನು ಪಹರೆ ಮುಗಿಸಿ ಬಂದು ನಮ್ಮ ಕುದುರೆ ಬೂದಿಯ ಲಗಾಮನ್ನು ನಿನ್ನ ಕೈಗೆ ಹಾಕುತ್ತಿದ್ದೆ. "ಕುದುರೆ ಚೆನ್ನಾಗಿದೆ, ಹಿಂದಿನ ಎಡಗಾಲಿನ ಲಾಳ ಸ್ವಲ್ಪ ಸಡಿಲ. ಸವಾರನಿಗೆ ಸೊಂಟ ನೋವು." ನೀನು, "ವಹಿಸ್ಕೊಂಡೆ, ಹೋಗಿ ಮಲಗು," ಅನ್ನುತ್ತಿದ್ದೆ. ಆ ಮಾತು ಕಿವಿಗೆ ಬೀಳದೆ ನಾನು ಒಂದು ದಿನವೂ ಲಾಯ ಬಿಟ್ಟು ಹೊರಟವನಲ್ಲ.

ನಿವೃತ್ತಿಯಾಗಿ ಇಬ್ಬರೂ ಸೇರಿ ಈ ಕಾರು ತೆಗೆದುಕೊಂಡಾಗ, ಒಂದು ವಾರ ನಿನಗೆ, ಒಂದು ವಾರ ನನಗೆ, ನಿಯಮ ಮಾತ್ರ ಲಾಯದ್ದೇ ಎಂದವನು ನೀನು. ಬೂದಿಯ ಮೈಬಣ್ಣದ ಕಾರೇ ಬೇಕು ಎಂದು ಅಂಗಡಿಯವನ ತಲೆ ತಿಂದವನೂ ನೀನೇ. ಈಗ ಮೊಳೆಗೆ ಸಿಕ್ಕಿಸಿ ಕೈ ತೊಳೆದುಕೊಂಡೆ.

ಇನ್ನೊಂದು ಕೇಳು. ಶೆಡ್ಡಿನ ಮಾಲೀಕನಿಗೆ ತಿಂಗಳ ಕೊನೆಗೆ ಶೆಡ್ಡು ಬೇಕಂತೆ, ಟೈಲ್ಸ್ ತುಂಬಿಸುತ್ತಾನಂತೆ. ಕಾರನ್ನು ಎಲ್ಲಿ ನಿಲ್ಲಿಸಲಿ? ನನ್ನವಳು, "ಇಬ್ಬರು ಮುದುಕರಿಗೆ ಒಂದು ಆಟದ ಸಾಮಾನು, ಮಾರಿ ಹಾಕಿ," ಅನ್ನುತ್ತಾಳೆ. ಮಾರುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಆದರೆ ಕಾರಿನ ವಿಷಯದಲ್ಲಿ ಇಬ್ಬರ ಮಾತೂ ಬೇಕು ಎಂದು ಒಪ್ಪಿಕೊಂಡಿದ್ದೇವೆ. ನಿನ್ನ ಮಾತು ಬರೆದು ಕಳಿಸು. ಮೊಳೆಯ ವಿಷಯಕ್ಕೂ ಉತ್ತರ ಬೇಕು.

ಗೊಣಗ


ಜೂನ್ ೧೯

ಗೊಣಗನಿಗೆ,

ನಿನ್ನ ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೆಯೇ ಇದೆ. ಇಲ್ಲಿ ಎಲ್ಲ ಅನುಕೂಲವಾಗಿದೆ. ಮಗಳ ಮನೆ ಎರಡನೇ ಮಹಡಿಯಲ್ಲಿ. ನನಗೊಂದು ಕೋಣೆ ಕೊಟ್ಟಿದ್ದಾರೆ, ಬೀದಿಯ ಕಡೆಗೆ ಕಿಟಕಿ ಇದೆ.

ಕಾರನ್ನು ಮಾರ್ಕೆಟ್ಟಿನಲ್ಲಿ ನಿಲ್ಲಿಸಬೇಡ. ಹೊಸದಾಗಿ ಕಟ್ಟಿದ ಮಹಡಿ ಪಾರ್ಕಿಂಗ್ ಅಂತೂ ಬೇಡವೇ ಬೇಡ. ಅಲ್ಲಿ ಎಲ್ಲ ಮಹಡಿಯೂ ಒಂದೇ ಥರ, ಎಲ್ಲ ಕಂಬಕ್ಕೂ ಒಂದೇ ಬಣ್ಣ. ನೀರಿನ ಟ್ಯಾಂಕು, ಗಡಿಯಾರದ ಗೋಪುರ, ಹೀಗೆ ದೂರದಿಂದ ಕಾಣುವ ಯಾವುದಾದರೂ ಒಂದರ ಬುಡದಲ್ಲಿ ನಿಲ್ಲಿಸು. ಎಲ್ಲಿ ನಿಲ್ಲಿಸಿದರೂ ದಿನವೂ ಅಲ್ಲೇ ನಿಲ್ಲಿಸು. ಮೂತಿ ಹೊರಗೆ ಇರಲಿ.

ಮೊನ್ನೆ ಬೂದಿ ನೆನಪಾದಳು. ಹೊಳೆ ದಂಡೆಯ ಪಹರೆಯಲ್ಲಿ ಒಂದು ಬೆಳಿಗ್ಗೆ ಮಂಜು ಬಿದ್ದು ನನಗೆ ದಾರಿ ತಪ್ಪಿತು. ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಲಗಾಮು ಸಡಿಲ ಬಿಟ್ಟು, ಅವಳ ಕುತ್ತಿಗೆಯ ಮೇಲೆ ಕೈ ಇಟ್ಟು ಸುಮ್ಮನೆ ಕೂತೆ. ಅವಳೇ ತಂದು ಲಾಯದ ಬಾಗಿಲಲ್ಲಿ ನಿಲ್ಲಿಸಿದಳು. ಕಾರಿಗೆ ಆ ಬುದ್ಧಿ ಇಲ್ಲ ನೋಡು. ಬಿಟ್ಟಲ್ಲೇ ಇರುತ್ತದೆ, ಕರೆದರೆ ಓಗೊಡುವುದಿಲ್ಲ.

ಅಳಿಯ ಒಳ್ಳೆಯವನು. ಮಾತು ಕಡಿಮೆ, ನನಗೂ ಅದೇ ಸರಿ. ಬೆಳಿಗ್ಗೆ ಸಂಜೆ ಮಗಳು ನನ್ನ ಜೊತೆಯೇ ವಾಕಿಂಗ್ ಬರುತ್ತಾಳೆ. ಒಬ್ಬನೇ ಹೋಗುತ್ತೇನೆ ಎಂದರೂ ಬಿಡುವುದಿಲ್ಲ.

ಬೂದಿಯ ವಿಷಯ ಹೇಳಬೇಕೆಂದಿದ್ದೆ. ಒಂದು ಬೆಳಿಗ್ಗೆ ಹೊಳೆ ದಂಡೆಯಲ್ಲಿ ಮಂಜು ಬಿದ್ದು ನನಗೆ ದಾರಿ ತಪ್ಪಿತು. ಲಗಾಮು ಬಿಟ್ಟು ಕೂತೆ. ಅವಳೇ ಕರೆದುಕೊಂಡು ಬಂದಳು. ನಿನಗೆ ಇದನ್ನು ಹೇಳಿದ್ದೇನೋ ಇಲ್ಲವೋ.

ಒಂಟೆ


ಜುಲೈ ೧೧

ಒಂಟೆಗೆ,

ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದೆ. ಮೊಳೆಯ ಬಗ್ಗೆ ಒಂದಕ್ಷರವಿಲ್ಲ. ಅದರ ಬದಲು ಮಂಜಿನ ಕಥೆಯನ್ನು ಒಂದೇ ಕಾಗದದಲ್ಲಿ ಎರಡು ಸಲ ಬರೆದಿದ್ದೀಯ. ಹಾಳೆ ತುಂಬಿಸುವುದಕ್ಕಾ? ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಈಗ ನನಗೇ ಆ ಮಂಜಿನಲ್ಲಿ ಶೀತ ಆಗುತ್ತದೆ.

ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟೆ. ಶೆಡ್ಡು ಬಿಟ್ಟುಕೊಟ್ಟು ಕಾರನ್ನು ನೀರಿನ ಟ್ಯಾಂಕಿನ ಬುಡದಲ್ಲಿ ನಿಲ್ಲಿಸಿದೆ. ಟ್ಯಾಂಕು ಸೋರುತ್ತದೆ. ಹಗಲೂ ಇರುಳೂ ಒಂದೇ ಜಾಗಕ್ಕೆ ತೊಟ್ಟಿಕ್ಕಿ ಬಾನೆಟ್ಟಿನ ಮೇಲೆ ಕಲೆ ಕೂತಿತು. ಗಡಿಯಾರದ ಗೋಪುರಕ್ಕೆ ಹೋದೆ. ಅಲ್ಲೊಬ್ಬ ಟ್ರಾಫಿಕ್ಕಿನವನು, ಇನ್ನೂ ಮೀಸೆ ಬರಬೇಕು, ಕೈ ತೋರಿಸಿ ಓಡಿಸಿದ. ನಾನೂ ಇಲಾಖೆಯವನೇ ಕಣಪ್ಪ, ಅಶ್ವದಳದಲ್ಲಿದ್ದೆ ಎಂದೆ. "ಹೌದಾ ಅಜ್ಜ, ಕುದುರೆ ಎಲ್ಲಿ?" ಎಂದು ಕೇಳಿದ. ಗಾಡಿ ತೆಗೆದುಕೊಂಡು ಹೊರಟೆ. ಹಲ್ಲಿನ ಡಾಕ್ಟರ ಗೇಟಿನ ಪಕ್ಕ ಒಂದು ವಾರ ನಿಲ್ಲಿಸಿದೆ. ಹಲ್ಲು ಕೀಳಿಸಿಕೊಂಡವರೆಲ್ಲ ಕೆನ್ನೆ ಹಿಡಿದುಕೊಂಡು ಬಂದು ನಮ್ಮ ಕಾರಿಗೇ ಒರಗಿ ನಿಲ್ಲುತ್ತಾರೆ. ಅವರಿಗೆ ಬೈಯುವುದಕ್ಕೂ ಆಗುವುದಿಲ್ಲ, ತಿರುಗಿ ಬೈಯಲು ಅವರಿಗೆ ಬಾಯಿ ಬರುವುದಿಲ್ಲ. ಈಗ ನನ್ನವಳ ತಮ್ಮನ ಪ್ರೆಸ್ಸಿನ ಹಿಂದೆ ನಿಲ್ಲಿಸಿದ್ದೇನೆ. ಕಾಗದದ ಲಾರಿ ಬಂದಾಗಲೆಲ್ಲ ಅವನು ಫೋನು ಮಾಡುತ್ತಾನೆ, ನಾನು ಕುಂಟುತ್ತಾ ಹೋಗಿ ತೆಗೆದು, ಲಾರಿ ಹೋದ ಮೇಲೆ ಮತ್ತೆ ನಿಲ್ಲಿಸಿ ಬರುತ್ತೇನೆ. ನನಗೆ ಸಾಕುಸಾಕಾಗಿದೆ ಮಾರಾಯ. ಬೂದಿಗೆ ಕೂಡ ನಾನು ಇಷ್ಟು ಓಡಾಡಿರಲಿಲ್ಲ.

ನಿನಗೆ ನೆನಪಿದೆಯಾ, ಪಾಳಿ ಬದಲಾದಾಗಲೆಲ್ಲ ನಾನು ಜೀನಿನಿಂದ ಕಾಲಿಡಲು ಇಳಿಬಿಟ್ಟ ಎರಡೂ ರಿಕಾಪುಗಳನ್ನು ಮೇಲಕ್ಕೆ ಕಟ್ಟಬೇಕಿತ್ತು. ನಿನ್ನ ಕಾಲು ನೆಲಕ್ಕೆ ತಾಗುವಷ್ಟು ಉದ್ದ, ನನ್ನದು ರಿಕಾಪಿಗೇ ಎಟುಕುತ್ತಿರಲಿಲ್ಲ. ಕುದುರೆಯ ಮೇಲೆ ಒಂಟೆ ಕೂತಿದೆ ಎಂದು ದಳವೆಲ್ಲ ನಗುತ್ತಿತ್ತು. ಕಾರಿನಲ್ಲೂ ಹಾಗೆಯೇ. ಪ್ರತಿ ಭಾನುವಾರ ನಿನಗೆ ಬೈಯುತ್ತಾ ಸೀಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಈಗ ಎಳೆಯುವ ಕೆಲಸವೇ ಇಲ್ಲ, ಸೀಟು ನಾನು ಬಿಟ್ಟಲ್ಲೇ ಇರುತ್ತದೆ. ಅದನ್ನು ನೋಡಿದರೆ ಬೇಜಾರಾಗುತ್ತದೆ.

ನಾನು ಏನು ತಪ್ಪು ಮಾಡಿದೆ ಎಂದಾದರೂ ಬರೆ. ಕೈಗೆ ಕೊಟ್ಟು ಹೋಗಲಾರದಷ್ಟು ದೊಡ್ಡ ತಪ್ಪೇ?

ಗೊಣಗ


ಜುಲೈ ೩೦

ಗೊಣಗನಿಗೆ,

ಕಾರು ಮಾರಿಬಿಡು. ನನ್ನ ಪಾಲಿನ ಮಾತು ಇದೇ. ಇನ್ನು ನೀನು ಜಾಗ ಹುಡುಕುತ್ತಾ ತಿರುಗುವುದು ಬೇಡ.

ನಿನ್ನದೇನೂ ತಪ್ಪಿಲ್ಲ. ನನಗೆ ದಣಿವಾಗಿದೆ, ಅಷ್ಟೇ. ಬೂದಿಯನ್ನೂ ಒಂದು ದಿನ ಬಿಟ್ಟುಕೊಟ್ಟೆವಲ್ಲ. ಅವಳನ್ನು ಕರೆದುಕೊಂಡು ಹೋದವರು ಲಗಾಮು ಹಿಡಿಯುವ ರೀತಿ ಸರಿಯಿರಲಿಲ್ಲ ಎಂದು ನೀನು ಗೇಟಿನ ತನಕ ಗೊಣಗಿಕೊಂಡು ಹೋಗಿದ್ದೆ. ಮಾರುವುದಾದರೆ ಒಳ್ಳೆಯವರಿಗೆ ಮಾರು.

ಕಾಗದ ಬರೆಯುವುದು ಈಚೆಗೆ ಕಷ್ಟವಾಗುತ್ತಿದೆ. ಉತ್ತರ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡ.

ಒಂಟೆ


ಆಗಸ್ಟ್ ೨೩

ಒಂಟೆಗೆ,

ಮಾರಲು ಹೊರಟಿದ್ದೆ, ಸುಳ್ಳು ಹೇಳುವುದಿಲ್ಲ. ಸಿಟ್ಟಿನಲ್ಲಿ ಒಬ್ಬನನ್ನು ಕರೆದು ತೋರಿಸಿಯೂ ಆಯಿತು. ಅವನು ಬಂದವನೇ ಟೈರಿಗೆ ಒದ್ದು ನೋಡಿದ. ಒದೆಯುವವನಿಗೆ ಕೊಡುವುದಿಲ್ಲ ಹೋಗಯ್ಯ ಎಂದು ಕಳಿಸಿದೆ. ಆಮೇಲೆ ಗಾಳಿ ಹಾಕಿಸಲು ಮಾರ್ಕೆಟ್ಟಿನ ಪಂಕ್ಚರ್ ಅಂಗಡಿಗೆ ಹೋದೆ.

ಅವನು ಪೈಪು ಹಿಡಿದುಕೊಂಡು ಹೇಳಿದ, "ಏನ್ ಸಾರ್, ನಿಮ್ಮ ಜೊತೆಗಾರರು ಕಾಣಿಸ್ತಾನೇ ಇಲ್ಲ? ಊರಿಗೆ ಹೋಗೋ ಮುಂಚೆ ಒಂದಿನ ಇಲ್ಲಿ ಒಳ್ಳೇ ತಮಾಷೆ ಮಾಡಿದ್ರು. ಅಂಗಡಿ ಅಂಗಡಿಗೂ ಹೋಗಿ, ಇಲ್ಲೊಂದು ಬೂದು ಬಣ್ಣದ ಕುದುರೆ ಕಟ್ಟಿದ್ದೆ, ಯಾರಾದ್ರೂ ಬಿಚ್ಕೊಂಡು ಹೋದ್ರಾ ಅಂತ ಕೇಳ್ತಿದ್ರು. ನಾವೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ನೋಡಿದ್ರೆ ಅವರು ನಗ್ತಾನೇ ಇರ್ಲಿಲ್ಲ ಸಾರ್. ನಾನೇ ಕರ್ಕೊಂಡು ಹೋಗಿ ಕಾರು ತೋರಿಸ್ದೆ."

ನಾನು ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ದೂರದಿಂದ ಕಾಣುವ ಜಾಗ, ದಿನವೂ ಅದೇ ಜಾಗ, ಮಹಡಿ ಪಾರ್ಕಿಂಗ್ ಬೇಡವೇ ಬೇಡ. ಇವನಿಗೆ ಕಾರಿನ ಚಿಂತೆ ಎಂದುಕೊಂಡಿದ್ದೆ. ಮಂಜಿನ ಕಥೆ ಎರಡು ಸಲ ಬರೆದೆ ಎಂದು ಗೇಲಿ ಮಾಡಿದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ. ನನ್ನವಳಿಗೆ ಹೇಳಿದೆ. ಅವಳು ಒಳಗೆ ಹೋದಳು. ಆಮೇಲೆ ಬಂದು, "ಮಾರೋದು ಬೇಡ ಬಿಡಿ," ಎಂದಳು.

ಯಾಕೋ ನನಗೆ ಹೇಳಲಿಲ್ಲ? ಬೂದಿ ನಿನ್ನನ್ನು ಕೆಡವಿ ನಿನ್ನ ಭುಜ ಕಳಚಿದಾಗ ನಿನ್ನ ಬೂಟಿನ ಲೇಸು ಕಟ್ಟಿದವನು ನಾನು. ನನ್ನ ಹತ್ತಿರ ನಿನಗೆಂಥ ನಾಚಿಕೆ?

ಒಂದು ಮಾತು ಕೇಳು. ಮೊಳೆಯ ಮೇಲಿದ್ದ ಕೀಲಿಯನ್ನು ನಾನು ತೆಗೆದುಕೊಂಡೆ, ವಹಿಸಿಕೊಂಡಿಲ್ಲ. ಪಾಳಿ ಇನ್ನೂ ನಿನ್ನದೇ. ನೀನು ಹೇಳಬೇಕಾದ ಎರಡು ಮಾತು ಬಾಕಿ ಇದೆ. ಕುದುರೆ ಹೇಗಿದೆ ಎಂಬುದು ನನಗೆ ಗೊತ್ತು. ಸವಾರ ಹೇಗಿದ್ದಾನೆ, ಬರೆ.

ಗೊಣಗ


ಸೆಪ್ಟೆಂಬರ್ ೧೪

ಗೊಣಗನಿಗೆ,

ಸವಾರ ಚೆನ್ನಾಗಿಲ್ಲ.

ಇಷ್ಟು ಬರೆದು ಎರಡು ದಿನ ಸುಮ್ಮನಿದ್ದೆ. ಮಗಳು ದಿನವೂ ಹಾಳೆಯನ್ನು ನನ್ನ ಮುಂದೆ ತಂದಿಡುತ್ತಾಳೆ. ಚೆನ್ನಾಗಿರುವ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ. ಮೇಲಿನ ತಾರೀಕು ಅವಳೇ ಹಾಕಿದ್ದು.

ಅವತ್ತು ನಾನು ಹುಡುಕಿದ್ದು ಬೂದಿಯನ್ನೇ. ಕೈಯಲ್ಲಿ ಜೀನಿನ ಚರ್ಮದ ವಾಸನೆ ಇತ್ತು. ಎಲ್ಲೋ ಕಟ್ಟಿಹಾಕಿ ಬಂದಿದ್ದೇನೆ, ನೀರು ಕುಡಿಸಿಲ್ಲ ಎಂಬುದೊಂದೇ ಚಿಂತೆ. ಕಾರು ತೋರಿಸಿದಾಗ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಬೂದಿ ಈಗಿಲ್ಲವಲ್ಲ ಎಂದು ಇನ್ನೊಂದು ಸಲ ದುಃಖವಾಯಿತು. ಅಲ್ಲಿಂದ ಮನೆಗೆ ಹೇಗೆ ಓಡಿಸಿಕೊಂಡು ಬಂದೆ ಎಂಬುದು ಗೊತ್ತಿಲ್ಲ. ಮಗಳಿಗೆ ಫೋನು ಮಾಡಿದೆ. ಅವಳು ಬಂದು ಕರೆದುಕೊಂಡು ಹೊರಟಳು.

ಮೊಳೆಯ ವಿಷಯ ಕೇಳಿದ್ದೀಯ. ಕೀಲಿಯನ್ನು ಕೈಗೆ ಕೊಟ್ಟರೆ ಎರಡು ಮಾತು ಹೇಳಬೇಕಾಗುತ್ತಿತ್ತು. ಮೊದಲನೆಯದು ಸುಲಭ. ಎರಡನೆಯದಕ್ಕೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ. ಶೆಡ್ಡಿನಲ್ಲಿ ತುಂಬಾ ಹೊತ್ತು ನಿಂತಿದ್ದೆ. ಆಮೇಲೆ ಮೊಳೆ ಕಾಣಿಸಿತು.

ಇಲ್ಲಿ ಬಾಗಿಲುಗಳಿಗೆಲ್ಲ ಮಗಳು ಚೀಟಿ ಅಂಟಿಸಿದ್ದಾಳೆ. ಬಚ್ಚಲು, ಅಡಿಗೆ ಮನೆ, ಅಪ್ಪನ ಕೋಣೆ. ಪಾಪ, ಅವಳೂ ಸೋತಿದ್ದಾಳೆ. ನನಗೂ ಸಾಕಾಗಿದೆ ಕಣೋ. ಗೊತ್ತಿರುವುದನ್ನೆಲ್ಲ ದಿನವೂ ಹೊಸದಾಗಿ ಹುಡುಕುವುದು ಬಹಳ ಆಯಾಸದ ಕೆಲಸ.

ನನ್ನ ಕಿಟಕಿಯ ಕೆಳಗೆ ಒಂದು ಕಾರು ನಿಲ್ಲುವಷ್ಟು ಜಾಗವಿದೆ. ಮಧ್ಯಾಹ್ನದ ಮೇಲೆ ನೆರಳೂ ಬರುತ್ತದೆ. ಯಾರ್ಯಾರೋ ಸ್ಕೂಟರ್ ತಂದು ನಿಲ್ಲಿಸುತ್ತಾರೆ. ನಾನು ನೋಡುತ್ತಿರುತ್ತೇನೆ. ಬಾ ಎಂದು ಬರೆಯುವುದಿಲ್ಲ. ನೀನು ಬರುವ ದಿನ ನನ್ನ ತಲೆಯಲ್ಲಿ ಮಂಜು ಬಿದ್ದಿರುತ್ತದೋ ಏನೋ, ಹೇಳಲಾರೆ.

ಒಂಟೆ


ಅಕ್ಟೋಬರ್ ೨೦

ಒಂಟೆಗೆ,

ಭಾನುವಾರ ನಡೆದದ್ದನ್ನು ಬರೆಯುತ್ತಿದ್ದೇನೆ. ನಿನಗೆ ನೆನಪಿದ್ದರೆ ಇನ್ನೊಂದು ಸಲ ಓದು, ಇಲ್ಲದಿದ್ದರೆ ಹೊಸ ಸುದ್ದಿ ಎಂದುಕೊಂಡು ಓದು. ಎರಡೂ ಒಂದೇ.

ಬೆಳಕು ಹರಿಯುತ್ತಲೇ ಹೊರಟೆ. ನನ್ನವಳು ನೀರಿನ ಬಾಟ್ಲಿ ಇಟ್ಟು, "ನಿಧಾನ ಹೋಗಿ, ಅದೇನು ಕುದುರೆಯಲ್ಲ," ಎಂದಳು. ಅರ್ಧ ದಾರಿಗೇ ಸೊಂಟ ಹಿಡಿದುಕೊಂಡಿತು. ಇಳಿದು ಸ್ವಲ್ಪ ಹೊತ್ತು ಬಾನೆಟ್ಟಿಗೆ ಒರಗಿ ನಿಂತೆ, ಹಿಂದೆ ಬೂದಿಗೆ ಒರಗಿ ನಿಲ್ಲುತ್ತಿದ್ದ ಹಾಗೆ. ಬೂದಿಯಾದರೆ ತಿರುಗಿ ಕಿಸೆಗೆ ಮೂತಿ ಹಾಕುತ್ತಿದ್ದಳು. ಇದು ಬಿಸಿಯಾಗಿತ್ತು, ಅಷ್ಟೇ.

ನಿಮ್ಮ ಬೀದಿ ಸಿಕ್ಕಿತು. ಎರಡೂ ಕಡೆ ಕಾರು, ಸ್ಕೂಟರ್ ಸಾಲಾಗಿ ನಿಂತಿವೆ, ಕಾಲಿಡಲು ಜಾಗವಿಲ್ಲ. ಒಂದೇ ಒಂದು ಕಡೆ ಖಾಲಿ. ತಲೆ ಎತ್ತಿ ನೋಡಿದರೆ ಮೇಲೆ ಕಿಟಕಿ. ನಮ್ಮ ಪುಣ್ಯ ಎಂದುಕೊಂಡು, ಮೂತಿ ಹೊರಗೆ ಇರಲೆಂದು ರಿವರ್ಸ್ ತೆಗೆಯಲು ಶುರು ಮಾಡಿದೆ. ಅಷ್ಟರಲ್ಲಿ ನೀನು ಚಪ್ಪಲಿಯನ್ನೂ ಹಾಕದೆ ಓಡಿ ಬಂದು ಕಾರಿನ ಹಿಂದೆ ನಿಂತೆ. ಅಂಗೈಯಲ್ಲಿ ಡಿಕ್ಕಿಗೆ ಬಡಿದೆ.

"ಏ ಸ್ವಾಮಿ, ಇಲ್ಲಿ ನಿಲ್ಲಿಸ್ಬೇಡಿ! ಇದು ಖಾಲಿ ಜಾಗ ಅಲ್ಲ. ನನ್ನ ಗೆಳೆಯ ಕಾರು ತರ್ತಾನೆ, ಅವನಿಗೆ ಅಂತ ಇಟ್ಟಿರೋದು."

ಮೇಲೆ ನಿನ್ನ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆಮೇಲೆ ಹೇಳಿದಳು, ಆ ಕಾಗದ ಬರೆದಾಗಿನಿಂದ ನೀನು ಅಲ್ಲಿ ಒಂದು ಸೈಕಲ್ಲನ್ನೂ ನಿಲ್ಲಲು ಬಿಟ್ಟಿಲ್ಲವಂತೆ. ಬೀದಿಯವರೆಲ್ಲ ಜಗಳಾಡಿ ಜಗಳಾಡಿ ಸೋತು ಆ ಜಾಗದ ಆಸೆಯನ್ನೇ ಬಿಟ್ಟಿದ್ದಾರಂತೆ. "ಚಿಕ್ಕಪ್ಪ, ಕೆಲವು ದಿನ ನನ್ನ ಹೆಸರೇ ಮರೀತಾರೆ, ಆ ಜಾಗ ಮಾತ್ರ ಮರೆಯೋಲ್ಲ," ಎಂದಳು.

ನಾನು ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದೆ, "ನಿಮ್ಮ ಗೆಳೆಯ ಯಾವಾಗ ಬರ್ತಾರೆ?"

"ಬರ್ತಾನೆ. ಗೊಣಗ್ತಾ ಗೊಣಗ್ತಾ ಬರ್ತಾನೆ," ಎಂದೆ ನೀನು.

ನನಗೆ ನಗು ಬಂತು. ಆಮೇಲೆ ಅಳುವೂ ಬಂತು, ಮುಚ್ಚಿಡುವುದೇನು. ಎಂಜಿನ್ ಆರಿಸಿ, ಸೀಟನ್ನು ನಿನ್ನ ಕಾಲಿನ ಅಳತೆಗೆ ಪೂರ್ತಿ ಹಿಂದಕ್ಕೆ ತಳ್ಳಿ ಇಳಿದೆ. ನೀನು ನನ್ನ ಮುಖ ನೋಡಿದೆ. ಯಾರೋ ದಾರಿಹೋಕನನ್ನು ನೋಡುವ ಹಾಗೆ ನೋಡಿದೆ. ನೀನು ಎಷ್ಟು ಬಡವಾಗಿದ್ದೀಯ ಎಂದು ಆಗ ಕಂಡಿತು.

ನಾನೇ ಬಂದಿದ್ದೇನೆ, ನಾನು ಗೊಣಗ ಎಂದು ಹೇಳಲು ಬಾಯಿ ತೆರೆದೆ, ಆದರೆ ಹೇಳಲಿಲ್ಲ. ಪರೀಕ್ಷೆ ಕೊಟ್ಟು ಕೊಟ್ಟು ನಿನಗೆ ಸಾಕಾಗಿರಬಹುದು ಅನ್ನಿಸಿತು. ನಿನ್ನ ಬಲಗೈ ಹಿಡಿದು ಅಂಗೈ ಬಿಡಿಸಿ ಕೀಲಿ ಇಟ್ಟೆ.

"ಕುದುರೆ ಚೆನ್ನಾಗಿದೆ," ಎಂದೆ. "ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ಸ್ವಲ್ಪ ಕಡಿಮೆ. ಬಾನೆಟ್ಟಿನ ಮೇಲೆ ನೀರಿನ ಕಲೆ ಇದೆ, ಎಷ್ಟು ಉಜ್ಜಿದರೂ ಹೋಗಲಿಲ್ಲ."

ಅಷ್ಟಕ್ಕೇ ನಿಲ್ಲಿಸಿದೆ. ನಿನ್ನ ಬೆರಳುಗಳು ಕೀಲಿಯ ಮೇಲೆ ಮುಚ್ಚಿಕೊಂಡವು. ಬೆನ್ನು ನೇರವಾಯಿತು. ಬರಿಗಾಲಲ್ಲಿ, ಬನಿಯನ್ನಿನಲ್ಲಿ, ಬೀದಿಯ ನಡುವೆ ನೀನು ಲಾಯದ ಬಾಗಿಲಲ್ಲಿ ನಿಲ್ಲುವಂತೆ ನಿಂತೆ.

"ಸವಾರ?" ಎಂದು ನೀನು ಕೇಳಿದೆ.

ನೀನು ಕೇಳುತ್ತೀಯ ಎಂದು ನಾನು ಎಣಿಸಿರಲಿಲ್ಲ. "ಸವಾರನಿಗೆ ಸುಸ್ತಾಗಿದೆ ಕಣೋ," ಎಂದೆ. "ತುಂಬಾ ಸುಸ್ತಾಗಿದೆ."

ನೀನು ತಲೆಯಾಡಿಸಿದೆ. "ವಹಿಸ್ಕೊಂಡೆ. ಹೋಗಿ ಮಲಗು."

ಹೋಗಿ ಮಲಗಿದೆ. ನಿನ್ನ ಮಂಚದ ಮೇಲೆ, ನಿನ್ನ ಹೊದಿಕೆ ಹೊದ್ದು, ಮಧ್ಯಾಹ್ನವಿಡೀ ನಿದ್ದೆ ಮಾಡಿದೆ. ಈ ಮೊಳೆಯ ಗಲಾಟೆ ಶುರುವಾದಾಗಿನಿಂದ ಅಂಥ ನಿದ್ದೆ ಬಂದಿರಲಿಲ್ಲ. ಎದ್ದಾಗ ನೀನು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೆಳಗೆ ನೋಡುತ್ತಾ ಕೂತಿದ್ದೆ. ನಾನು ಬಸ್ಸಿಗೆ ಹೊರಟಾಗ ನೀನು ಕೈ ಎತ್ತಿದೆ. ನನ್ನ ಗುರುತು ಸಿಕ್ಕಿತ್ತೋ ಇಲ್ಲವೋ ಕೇಳಲಿಲ್ಲ.

ಒಂದು ಮಾತು ಹೇಳದೆ ಬಂದೆ. ಕಾರಿನ ಬ್ಯಾಟರಿಯ ವೈರು ಬಿಚ್ಚಿಟ್ಟಿದ್ದೇನೆ. ನಿನಗೆ ಹೇಳುವುದು ಬೇಡ ಎಂದು ಮಗಳು ಅಂದಳು. ಆದರೆ ಮುಚ್ಚಿಟ್ಟು ಕೊಟ್ಟರೆ ಅದು ವಹಿಸಿಕೊಟ್ಟ ಹಾಗಲ್ಲ. ಆದ್ದರಿಂದ ಬರೆದಿದ್ದೇನೆ. ಸಿಟ್ಟು ಬಂದರೆ ನನಗೆ ಬೈ, ಅವಳಿಗೆ ಬೈಯಬೇಡ. ಭಾನುವಾರಗಳಲ್ಲಿ ಅವಳು ವೈರು ಹಾಕಿ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತಾಳೆ. ಬಂದು ಅಲ್ಲೇ ನಿಲ್ಲಿಸುತ್ತಾಳೆ. ಬೇರೆ ಯಾರೂ ಆ ಜಾಗಕ್ಕೆ ಬರುವುದಿಲ್ಲ, ಬೀದಿಯವರಿಗೆಲ್ಲ ನಿನ್ನ ಹೆದರಿಕೆ ಇದೆ.

ಈ ಕಾಗದವನ್ನು ಅವಳು ಕಿಟಕಿಯ ಪಕ್ಕ ಅಂಟಿಸುತ್ತಾಳಂತೆ. ಬೆಳಿಗ್ಗೆ ಎದ್ದು ಗಾಬರಿಯಾದರೆ ಕೊನೆಯ ಸಾಲು ಮಾತ್ರ ಓದು, ಉಳಿದದ್ದು ಬರೀ ನನ್ನ ಗೊಣಗಾಟ.

ಕೀಲಿ ನಿನ್ನ ಹತ್ತಿರ ಇದೆ. ಕಾರು ಕಿಟಕಿಯ ಕೆಳಗೇ ಇದೆ. ಬೇರೆಲ್ಲೂ ಹುಡುಕಬೇಡ.

ನಿನ್ನ ಗೊಣಗ